ಊರಿನವರಿಗೆ ನೆರೆಯ ಪಾಠ ಹೇಳುವುದು ಹೇಗೆ?

ಯುವಕ ಮಂಡಲದಿಂದ ವಿಪತ್ತು ಜಾಗೃತಿ ಕಾರ್ಯಕ್ರಮ ಇಟ್ಟರೆ ಜನ ಬರುವುದಿಲ್ಲ, ಏನು ಮಾಡಬೇಕು ಎಂದು ಕೇಳಿದ್ದೀರಿ. ನಾನು ಉಡುಪಿಯವನು, ಸ್ವರ್ಣಾ ನದಿಯ ಬದಿಯಲ್ಲಿ ಮನೆ. ನಮ್ಮ ಮೊದಲ ಕಾರ್ಯಕ್ರಮಕ್ಕೆ ಹದಿನಾಲ್ಕು ಜನ ಬಂದಿದ್ದರು. ಅವರಲ್ಲಿ ಆರು ಮಂದಿ ಕುರ್ಚಿ ಹಾಕಿದ ನಾವೇ. ಪ್ರಾರ್ಥನೆ, ಸ್ವಾಗತ, ಹೂಗುಚ್ಛ ಮುಗಿಯುವಾಗಲೇ ಮುಕ್ಕಾಲು ಗಂಟೆ ಕಳೆದಿತ್ತು.

ಆಮೇಲೆ ಸಭೆ ಕರೆಯುವುದನ್ನೇ ಬಿಟ್ಟೆವು. ಸ್ವಸಹಾಯ ಸಂಘದ ವಾರದ ಸಭೆ, ಭಜನಾ ಮಂದಿರ, ಹೀಗೆ ಜನ ತಾವಾಗಿ ಸೇರುವ ಕಡೆಗೆ ನಾವೇ ಹೋದೆವು. ಹತ್ತು ನಿಮಿಷ, ಒಂದೇ ವಿಷಯ.

ಮೊದಲು ರೆಡ್ ಅಲರ್ಟ್. ನಮ್ಮ ಕಡೆ ಅದಕ್ಕೆ ನಾಳೆ ಶಾಲೆಗೆ ರಜೆ ಎಂಬುದಷ್ಟೇ ಅರ್ಥ! ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 204.4 ಮಿಲಿಮೀಟರ್ ದಾಟಿದರೆ ಅದು ಅತ್ಯಂತ ಭಾರಿ ಮಳೆ; ರೆಡ್ ಅಲರ್ಟ್ ಎಂದರೆ ಸಾಮಾನ್ಯವಾಗಿ ಅಂಥ ಮಳೆಯ ಮುನ್ನೆಚ್ಚರಿಕೆ. ಅಂಕಿ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ. ಹಾಗಾಗಿ ಒಂದು ಡಬ್ಬಿಗೆ ಅಷ್ಟೆತ್ತರ ನೀರು ತುಂಬಿಸಿ ಮುಂದಿಟ್ಟೆ. ಒಬ್ಬರು ಅಜ್ಜಿ ಬೆರಳು ಅಗಲಿಸಿ ಹೊರಗಿನಿಂದ ಅಳೆದರು. "ಒಂದು ಗೇಣು" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುಡ್ಡೆಯ ಮೇಲೂ ಗೇಣು, ಗದ್ದೆಯ ಮೇಲೂ ಗೇಣು. ಅಷ್ಟೂ ನಮ್ಮ ತೋಡಿಗೇ ಇಳಿಯಬೇಕಲ್ಲ ಮಗಾ" ಎಂದು ತುಳುವಿನಲ್ಲಿ ಹೇಳಿದರು. ತೋಡು ಎಂದರೆ ಊರಿನ ನೀರು ಹರಿಯುವ ಸಣ್ಣ ಹಳ್ಳ. ಮುಂದೆ ನಾನು ಭಾಷಣ ಮಾಡಬೇಕಾಗಲಿಲ್ಲ.

ಎರಡನೆಯದು ನಡೆಯಲಾಗದವರನ್ನು ಎತ್ತುವುದು. 2020ರ ಸೆಪ್ಟೆಂಬರ್ 20ರ ನೆರೆಯಲ್ಲಿ ಪಕ್ಕದ ಮನೆಯ ಹಿರಿಯರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಎತ್ತಲು ಹೋಗಿ ಕುರ್ಚಿಯ ಕೈ ಮುರಿದು ನಮ್ಮ ಕೈಗೇ ಬಂತು. ಪುಣ್ಯಕ್ಕೆ ಇನ್ನೂ ಜಗಲಿಯಲ್ಲೇ ಇದ್ದೆವು. ಈಗ ಮರದ ಕುರ್ಚಿ, ಸೊಂಟಕ್ಕೊಂದು ಎದೆಗೊಂದು ಬೈರಾಸು (ಟವೆಲ್) ಬಿಗಿದು, ಹುಡುಗರು ಒಬ್ಬರನ್ನೊಬ್ಬರು ಹೊತ್ತು ಅಂಗಳ ಸುತ್ತುತ್ತಾರೆ. ನೋಡುವವರು ನಗುತ್ತಾರೆ, ಆದರೆ ಗಂಟು ಹಾಕುವುದನ್ನು ಕಲಿತುಕೊಂಡೇ ಹೋಗುತ್ತಾರೆ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬ ಪಟ್ಟಿಗೆ ಸಮೀಕ್ಷೆ ಬೇಡ, ಆಶಾ ಕಾರ್ಯಕರ್ತೆಯನ್ನು ಕೇಳಿ.

ಇದೆಲ್ಲ ಪತ್ತನಾಜೆಗೆ, ಅಂದರೆ ಮಳೆಗಾಲದ ಹೊಸ್ತಿಲಲ್ಲಿ ಮೇ ಕೊನೆಯ ವಾರ ಬರುವ ತುಳುನಾಡಿನ ದಿನಕ್ಕೆ, ಮುಂಚೆಯೇ ಆಗಬೇಕು. ತೋಡಿನ ಹೂಳೆತ್ತುವ ದಿನವೇ ಇಟ್ಟರೆ ಇನ್ನೂ ಒಳ್ಳೆಯದು. ಗಂಜಿ ಊಟಕ್ಕೆ ಹೇಗೂ ಎಲ್ಲರೂ ಕೂರುತ್ತಾರೆ. ತುರ್ತು ಕರೆಯ 112, ಆಂಬುಲೆನ್ಸಿನ 108, ಜಿಲ್ಲಾ ನಿಯಂತ್ರಣ ಕೊಠಡಿಯ 1077 ಇಷ್ಟನ್ನು ಮೇನ್ ಸ್ವಿಚ್ಚಿನ ಪಕ್ಕ ಗೋಡೆಯ ಮೇಲೆ ಬರೆಸಿ. ನೀರು ಏರುವಾಗ ಮೊದಲು ಕೈ ಹೋಗಬೇಕಾದದ್ದು ಅಲ್ಲಿಗೇ.

ನಿಮ್ಮ ಊರು ಯಾವುದೆಂದು ಬರೆದಿಲ್ಲ. ಉಳ್ಳಾಲದ ಕಡೆಯಾದರೆ ಕಡಲ್ಕೊರೆತದ ಪಾಠವೇ ಬೇರೆ. ಗ್ಯಾಸ್ ಟ್ಯಾಂಕರ್ ಓಡಾಡುವ ಹೆದ್ದಾರಿಯ ಬದಿಯಾದರೆ ಇದನ್ನು ಸೇರಿಸಿ: ಅಡುಗೆ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಟ್ಯಾಂಕರ್ ಮಗುಚಿದರೆ ಒಲೆ ಹಚ್ಚಬಾರದು, ಬೈಕ್ ಸ್ಟಾರ್ಟ್ ಮಾಡಬಾರದು, ಗಾಳಿ ಬೀಸಿ ಬರುವ ದಿಕ್ಕಿನ ಎತ್ತರದ ಜಾಗಕ್ಕೆ ದೂರ ಹೋಗಬೇಕು, ಮೊಬೈಲ್ ಹಿಡಿದು ನೋಡಲು ಓಡಬಾರದು. ಈ ಕೊನೆಯದನ್ನು ಕಲಿಸುವ ದಾರಿ ನಿಮಗೆ ಸಿಕ್ಕರೆ ನನಗೂ ತಿಳಿಸಿ.