ಕೋಡ್ ಕೊಟ್ಟರೆ ಹೊಟ್ಟೆಗೇನು?

ಶಿವಮೊಗ್ಗದ ಓದುಗರೊಬ್ಬರ ಪತ್ರ: ನಮ್ಮದು ಆರು ಜನರ ಕಂಪನಿ. ಹನ್ನೆರಡು ವರ್ಷಗಳಿಂದ ಪ್ರೆಸ್‌ಗಳಿಗೆ ಕನ್ನಡ ಡಿಟಿಪಿ ಸಾಫ್ಟ್‌ವೇರ್ ಮಾರುತ್ತಿದ್ದೇವೆ. ಅದನ್ನು ಓಪನ್ ಸೋರ್ಸ್ ಮಾಡೋಣ, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಿ, ತಿದ್ದಿ, ಹಂಚುವಂತೆ ಬಿಡೋಣ ಅಂತ ಮಗಳು ಹಟ ಹಿಡಿದಿದ್ದಾಳೆ. ಬೆವರು ಸುರಿಸಿ ಕಟ್ಟಿದ್ದನ್ನು ಪುಕ್ಕಟೆ ಕೊಟ್ಟರೆ ಹೊಟ್ಟೆಗೇನು?

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿದ ಮೇಲೆ ಮೇಜಿನ ಡ್ರಾಯರಿನಿಂದ ಒಂದು ಡಾಂಗಲ್ ಹುಡುಕಿ ತೆಗೆದೆ. ಬೆಂಕಿಪೊಟ್ಟಣದಷ್ಟಿದೆ. ನಮ್ಮ ಹಳೇ ಡಿಟಿಪಿ ಸಾಫ್ಟ್‌ವೇರಿನದು. ಕಂಪ್ಯೂಟರಿನ ಹಿಂದಿನ ಪ್ರಿಂಟರ್ ಪೋರ್ಟಿಗೆ ಇದನ್ನು ಸಿಕ್ಕಿಸಿದರೆ ಮಾತ್ರ ಸಾಫ್ಟ್‌ವೇರ್ ತೆರೆಯುತ್ತಿತ್ತು. ಅದನ್ನು ಮಾಡಿದ ಕಂಪನಿ ಮುಚ್ಚಿಹೋಯಿತು. ಆ ಪೋರ್ಟೂ ಈಗಿನ ಕಂಪ್ಯೂಟರುಗಳಲ್ಲಿ ಇಲ್ಲ. ಹಳೇ ಸಂಚಿಕೆಗಳ ಫೈಲುಗಳು ಸಿಡಿಯಲ್ಲಿ ಭದ್ರವಾಗಿವೆ, ತೆರೆಯೋಕೆ ಬರಲ್ಲ. ಕಳೆದ ವರ್ಷ ಒಂದು ಹಳೇ ದೀಪಾವಳಿ ವಿಶೇಷಾಂಕವನ್ನು ಮತ್ತೆ ತರಬೇಕಾಯಿತು. ಅಚ್ಚಾದ ಪ್ರತಿ ಪಕ್ಕದಲ್ಲಿಟ್ಟುಕೊಂಡು ಮೊದಲಿಂದ ಕೊನೆತನಕ ಟೈಪ್ ಮಾಡಿಸಿದೆವು. ನಮ್ಮದೇ ಬರಹ, ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್. ಆ ನೋವು ಇನ್ನೂ ಹೋಗಿಲ್ಲ.

ಅದಕ್ಕೇ ಹೇಳುತ್ತೇನೆ, ಕೊಡಿ. ಕಂಪನಿ ಗಟ್ಟಿಯಾಗಿರುವಾಗಲೇ ಕೊಡಿ.

ಅನಿಮೇಷನ್ ಮಾಡುವ ಬ್ಲೆಂಡರ್ ಹೆಸರು ಕೇಳಿರುತ್ತೀರಿ. ನೆದರ್ಲೆಂಡ್ಸಿನ ಟಾನ್ ರೂಸೆಂಡಾಲ್ ಕಟ್ಟಿದ್ದು. ಅದನ್ನು ಮಾರುತ್ತಿದ್ದ ಕಂಪನಿ 2002ರಲ್ಲಿ ಬಾಗಿಲು ಹಾಕಿತು. ಹಕ್ಕು ಇದ್ದದ್ದು ಹಣ ಹೂಡಿದವರ ಕೈಯಲ್ಲಿ. 1 ಲಕ್ಷ ಯೂರೋ ಕೊಟ್ಟರೆ ಕೋಡ್ ಬಿಡುತ್ತೇವೆ ಎಂದರು. ಬಳಸುವ ಜನರೇ ಚಂದಾ ಎತ್ತಿ ಏಳೇ ವಾರದಲ್ಲಿ ಅಷ್ಟೂ ಹಣ ಕೂಡಿಸಿದರು! ಅಕ್ಟೋಬರ್ 13ರಂದು ಕೋಡ್ ಎಲ್ಲರಿಗೂ ಸಿಕ್ಕಿತು. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ಅನಿಮೇಷನ್ ಚಿತ್ರ ಇದೇ ಬ್ಲೆಂಡರಿನಲ್ಲಿ ಮಾಡಿದ್ದು. ಸಾಫ್ಟ್‌ವೇರ್ ಉಳಿಯಿತು, ನಿಜ. ಆದರೆ ಆ ಕಂಪನಿಗೆ ಅದರಿಂದ ಏನೂ ಸಿಗಲಿಲ್ಲ. ನಿಮಗೆ ಹಾಗಾಗಬಾರದು.

ಇನ್ನು ಹೊಟ್ಟೆಯ ಮಾತು. ಪ್ರೆಸ್‌ನವರು ನಿಮಗೆ ದುಡ್ಡು ಕೊಡುವುದು ಯಾವುದಕ್ಕೆ? ಬೆಳಗ್ಗೆ ಮದುವೆ ಕಾರ್ಡು ಅಚ್ಚಿಗೆ ಹೋಗಬೇಕು, ರಾತ್ರಿ ಹನ್ನೊಂದಕ್ಕೆ ಒತ್ತಕ್ಷರ ಒಡೆದು ಕಾಣುತ್ತದೆ. ಆಗ ಫೋನ್ ಎತ್ತುವವರು ನೀವು. ಆ ಕೆಲಸವನ್ನು ಯಾರೂ ಕಾಪಿ ಮಾಡಲಾಗದು, ಅಲ್ವಾ? ವರ್ಷದ ಸರ್ವಿಸ್, ಹೊಸಬರಿಗೆ ತರಬೇತಿ, ಕೇಳಿದಂತೆ ಬದಲಾವಣೆ, ಇವಕ್ಕೆ ಸರಿಯಾದ ಬೆಲೆ ಕಟ್ಟಿ. ಪಕ್ಕದ ಕಂಪನಿ ನಿಮ್ಮ ಕೋಡನ್ನೇ ಮಾರಿದರೆ ಎಂಬ ಹೆದರಿಕೆಯೂ ಸಹಜ. ಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸಿನಲ್ಲಿ ಬಿಡಿ. ಅವರು ತಿದ್ದಿ ಮಾರಬಹುದು, ಆದರೆ ಕೊಂಡವರಿಗೆ ತಿದ್ದಿದ ಕೋಡನ್ನೂ ಕೊಡಲೇಬೇಕು. ನಿಮ್ಮ ಕಂಪನಿಯ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿ ನಿಮ್ಮಲ್ಲೇ ಇಟ್ಟುಕೊಳ್ಳಿ.

ಬಿಡುವ ಮುಂಚೆ ಕೋಡನ್ನು ಸಾಲು ಸಾಲಾಗಿ ನೋಡಿ. ಬೇರೆಯವರಿಂದ ಕೊಂಡ ಫಾಂಟು, ಲೈಬ್ರರಿ (ಸಿದ್ಧ ಕೋಡಿನ ತುಣುಕು) ಒಳಗಿದ್ದರೆ ಅದನ್ನು ಹಂಚುವ ಹಕ್ಕು ನಿಮಗಿಲ್ಲ. 1998ರಲ್ಲಿ ನೆಟ್‌ಸ್ಕೇಪ್ ತನ್ನ ಬ್ರೌಸರಿನ ಕೋಡ್ ಬಿಡುವಾಗಲೂ ಇಂಥವನ್ನೆಲ್ಲ ಕಿತ್ತು ತೆಗೆಯಬೇಕಾಯಿತು. ಬಿಟ್ಟ ತಕ್ಷಣ ಊರಿನವರೆಲ್ಲ ಬಂದು ಕೈಜೋಡಿಸುತ್ತಾರೆ ಎಂದೂ ಕಾಯಬೇಡಿ. ಮೊದಲ ಒಂದೆರಡು ವರ್ಷ ಕೆಲಸ ನಿಮಗೇ ಜಾಸ್ತಿ. ಆ ಹೊಣೆ ಮಗಳು ಹೊರುತ್ತಾಳಾ, ಕೇಳಿ.

ಇಷ್ಟಾದರೂ ಮನಸ್ಸು ಒಪ್ಪದಿದ್ದರೆ ಕೋಡ್ ಇಟ್ಟುಕೊಳ್ಳಿ. ಫೈಲಿನ ರಚನೆ ಹೇಗಿದೆ ಎಂಬುದನ್ನಾದರೂ ಬರೆದು ಪ್ರಕಟಿಸಿ. ಹಳೇ ಫೈಲುಗಳನ್ನೆಲ್ಲ, ಈಗಿನ ಎಲ್ಲ ಕಂಪ್ಯೂಟರುಗಳೂ ಓದುವ ಅಕ್ಷರ ಸಂಕೇತವಾದ ಯೂನಿಕೋಡಿಗೆ ಬದಲಿಸುವ ಒಂದು ಬಟನ್ ಸೇರಿಸಿ. ಅದನ್ನು ಈ ವರ್ಷವೇ ಮಾಡಿ.