ಸಿ ಪ್ರೋಗ್ರಾಮ್‌ನಲ್ಲಿ ಥ್ರೆಡ್ ಲೋಕಲ್ ವೇರಿಯಬಲ್ ಯಾವಾಗ ಬಳಸಬೇಕು?

ಎಂಟು ಥ್ರೆಡ್‌ಗಳು (ಪ್ರೋಗ್ರಾಮ್ ಒಳಗೆ ಒಟ್ಟಿಗೆ ನಡೆಯುವ ಕೆಲಸದ ಎಳೆಗಳು) ಒಂದೇ ಗ್ಲೋಬಲ್ ಕೌಂಟರ್ ಹೆಚ್ಚಿಸುತ್ತಿವೆ, ಮ್ಯೂಟೆಕ್ಸ್ (ಒಮ್ಮೆಗೆ ಒಂದೇ ಥ್ರೆಡ್ ಒಳಬಿಡುವ ಲಾಕ್) ಹಾಕಿದ ಮೇಲೆ ಲೆಕ್ಕ ಸರಿ ಬಂತು, ಆದರೆ ತುಂಬಾ ನಿಧಾನವಾಯಿತು ಎಂದು ಕೇಳಿದ್ದೀರಿ. ಇದಕ್ಕೆ ಥ್ರೆಡ್ ಲೋಕಲ್ ಸರಿಯಾದ ಮದ್ದು.

ನಮ್ಮ ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲನ್ನು ನೆನೆಸಿಕೊಳ್ಳಿ. ಎಲ್ಲ ಅಂಗಡಿಗೂ ಒಂದೇ ತಕ್ಕಡಿ ಇದ್ದರೆ ವ್ಯಾಪಾರಕ್ಕಿಂತ ಕಾಯುವುದೇ ಜಾಸ್ತಿ, ಅಲ್ವಾ? ಥ್ರೆಡ್ ಲೋಕಲ್ ಎಂದರೆ ಪ್ರತಿ ಅಂಗಡಿಗೂ ಅದರದೇ ತಕ್ಕಡಿ. ವೇರಿಯಬಲ್ ಹೆಸರು ಒಂದೇ, ಆದರೆ ಪ್ರತಿ ಥ್ರೆಡ್‌ಗೂ ಬೇರೆ ಬೇರೆ ಜಾಗ. ಹಾಗಾಗಿ ಲಾಕ್ ಬೇಕಿಲ್ಲ. ಕೆಲಸ ಮುಗಿದಾಗ ಪ್ರತಿ ಥ್ರೆಡ್ ತನ್ನ ಮೊತ್ತವನ್ನು ಮ್ಯೂಟೆಕ್ಸ್ ಹಿಡಿದು ಒಂದೇ ಸಲ ಗ್ಲೋಬಲ್‌ಗೆ ಕೂಡಿಸಿದರೆ ಸಾಕು.

ಎಂಟು ಕೌಂಟರ್‌ಗಳ ಅರೇ ಮಾಡಿದರೆ ಸಾಲದೇ? ಸಾಲದು. ಅವೆಲ್ಲ ಒಂದೇ ಕ್ಯಾಶ್ ಲೈನ್‌ನಲ್ಲಿ (ಪ್ರೊಸೆಸರ್ ಒಂದೇ ಸಲಕ್ಕೆ ತರುವ ಮೆಮೊರಿ ತುಂಡು, ಸಾಮಾನ್ಯವಾಗಿ 64 ಬೈಟ್) ಕೂತರೆ, ಪ್ರೊಸೆಸರ್‌ನ ಕೋರ್‌ಗಳು ಆ ಲೈನ್‌ಗಾಗಿ ಸುಮ್ನೆ ಎಳೆದಾಡುತ್ತವೆ.

ಈ ಸೌಲಭ್ಯ ಭಾಷೆಯೊಳಗೆ ಬಂದಿದ್ದು 2011ರ ಸಿ11 ಎಂಬ ಸಿ ಭಾಷೆಯ ಆವೃತ್ತಿಯಲ್ಲಿ. ನೀವು ದಿನವೂ ನೋಡುವ ಎರ್‌ನೋ (ದೋಷದ ಸಂಖ್ಯೆ ಇಡುವ errno) ಕೂಡ ಹೀಗೇ ಪ್ರತಿ ಥ್ರೆಡ್‌ಗೂ ಬೇರೆ.

ಎರಡು ಕಡೆ ದಯವಿಟ್ಟು ಎಚ್ಚರ ವಹಿಸಿ. ಥ್ರೆಡ್ ಮುಗಿದರೆ ಅದರ ಜಾಗವೂ ಹೋಗುತ್ತದೆ, ಆ ವಿಳಾಸವನ್ನು ಬೇರೆ ಥ್ರೆಡ್ ಇಟ್ಟುಕೊಂಡಿರಬಾರದು. ಥ್ರೆಡ್ ಪೂಲ್ (ಕೆಲಸದಿಂದ ಕೆಲಸಕ್ಕೆ ಮತ್ತೆ ಬಳಸುವ ಥ್ರೆಡ್‌ಗಳ ಗುಂಪು) ಬಳಸಿದರೆ ಇನ್ನೊಂದು ತೊಂದರೆ: ಥ್ರೆಡ್ ಸಾಯುವುದಿಲ್ಲ, ಹಿಂದಿನ ಕೆಲಸದ ಮೌಲ್ಯ ವೇರಿಯಬಲ್‌ನಲ್ಲಿ ಹಾಗೇ ಉಳಿದಿರುತ್ತದೆ. ಪ್ರತಿ ಕೆಲಸದ ಆರಂಭದಲ್ಲಿ ಸೊನ್ನೆ ಮಾಡಿ.