ಸಿಂಗಪುರದ ಮದ್ದಿನಂಗಡಿ ಮತ್ತು ಅತ್ತೆಯವರ ವಾರ್ಫರಿನ್ ಮಾತ್ರೆ

ಹೃದಯದ ಕವಾಟ ಬದಲಾಯಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಸೇವಿಸುತ್ತಿರುವ ನಿಮ್ಮ ಅತ್ತೆಯವರ ಮಂಡಿನೋವಿಗೆ ಪಕ್ಕದ ಮನೆಯ ಚೀನೀ ಅಜ್ಜಿ ದಾಂಗ್‌ಗ್ವೇ ಬೇರಿನ ಸೂಪು ಮಾಡಿಕೊಡಲು ಮುಂದಾಗಿದ್ದಾರೆಂದೂ, ಮಾತ್ರೆಗೂ ಸೂಪಿಗೂ ಎರಡು ತಾಸು ಅಂತರವಿಟ್ಟರೆ ಸಾಕೇ ಎಂದೂ ಕೇಳಿದ್ದೀರಿ. ಸಾಲದು. ಅವರ ವೈದ್ಯರನ್ನು ಕೇಳುವವರೆಗೆ ದಯವಿಟ್ಟು ಅದನ್ನು ಕೊಡಬೇಡಿ.

ಎರಡು ತಾಸಿನ ಅಂತರದಿಂದ ಹೊಟ್ಟೆಯೊಳಗೆ ಎರಡು ಔಷಧಗಳು ಬೆರೆಯುವುದು ತಪ್ಪಬಹುದು. ಆದರೆ ವಾರ್ಫರಿನ್ನಿನ ಪ್ರಭಾವ ರಕ್ತದಲ್ಲಿ ದಿನಗಟ್ಟಲೆ ಇರುತ್ತದೆ. ದಾಂಗ್‌ಗ್ವೇ, ದಾನ್‌ಶೆನ್ ಬೇರುಗಳು ಅದರೊಡನೆ ಸೇರಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ; ಹೆಚ್ಚಾದರೆ ರಕ್ತಸ್ರಾವದ ಅಪಾಯ) ವಿಪರೀತ ಏರಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಜಿನ್ಸೆಂಗ್ ಇದಕ್ಕೆ ತದ್ವಿರುದ್ಧವಾಗಿ ಮಾತ್ರೆಯ ಬಲವನ್ನು ಕುಗ್ಗಿಸಬಲ್ಲದು; ಕೃತಕ ಕವಾಟವಿರುವವರಿಗೆ ರಕ್ತ ಹೆಪ್ಪುಗಟ್ಟುವುದೂ ಅಷ್ಟೇ ಅಪಾಯಕಾರಿ.

ಚೀನೀ ವೈದ್ಯಪದ್ಧತಿಯೇ ಅಜಾಗರೂಕವಾದದ್ದೆಂದು ನಾನು ಹೇಳುತ್ತಿಲ್ಲ. ಯಾವುದರೊಡನೆ ಯಾವುದು ಸೇರಬಾರದು ಎಂಬ ‘ಹದಿನೆಂಟು ವಿರೋಧ’ಗಳನ್ನು ಅಲ್ಲಿನ ವಿದ್ಯಾರ್ಥಿಗಳು ಪದ್ಯರೂಪದಲ್ಲಿ ಬಾಯಿಪಾಠ ಮಾಡುತ್ತಾರೆ. ಗಂಟಲು ಕೆರೆಯುವ ಬಾನ್‌ಶ್ಯಾ ಗೆಡ್ಡೆಯನ್ನು ಶುಂಠಿಯೊಡನೆ ಸಂಸ್ಕರಿಸಿ ಅದರ ವಿಷವನ್ನು ತಗ್ಗಿಸುತ್ತಾರೆ. ನಮ್ಮ ಆಯುರ್ವೇದದಲ್ಲಿ ವತ್ಸನಾಭಿ ಎಂಬ ವಿಷದ ಬೇರನ್ನು ಗೋಮೂತ್ರದಲ್ಲಿ ಶೋಧಿಸುವುದನ್ನು ಕಂಡವರಿಗೆ ಇದು ಹೊಸತಲ್ಲ. ಆ ಹದಿನೆಂಟೂ ಕಲ್ಲಿನ ಮೇಲೆ ಕೊರೆದವಲ್ಲ: ಜ್ಯೇಷ್ಠಮಧು ಮತ್ತು ಒಂದು ಬಗೆಯ ಕಡಲಪಾಚಿ ಒಟ್ಟಿಗಿರಬಾರದೆಂದು ಪದ್ಯ ಹೇಳಿದರೂ, ಗಳಗಂಡದ ಒಂದು ಪ್ರಸಿದ್ಧ ಯೋಗದಲ್ಲಿ, ಅಂದರೆ ಮೂಲಿಕೆಗಳ ಮಿಶ್ರಣದಲ್ಲಿ, ಅವೆರಡನ್ನೂ ಬೇಕೆಂದೇ ಸೇರಿಸಿದ್ದಾರೆ. ಅಂಥದ್ದನ್ನು ನಿರ್ಧರಿಸುವುದು ಓದಿದ ವೈದ್ಯರ ಕೆಲಸ. ಹಳೆಯ ಆ ಪದ್ಯದಲ್ಲಿ ವಾರ್ಫರಿನ್ ಇಲ್ಲ, ಊರಿನಿಂದ ನಾವು ತಂದ ಔಷಧದ ಡಬ್ಬಿಯೂ ಇಲ್ಲ.

ಈ ಮಾತನ್ನು ಪೆಟ್ಟು ತಿಂದು ಕಲಿತವಳು ನಾನು. ಸಿಂಗಪುರಕ್ಕೆ ಬಂದ ಮೂರನೆಯ ವರ್ಷ ಬಿಡದ ಕೆಮ್ಮಿಗೆ ಚೀನೀ ಕಷಾಯ ಕುಡಿಯುತ್ತಲೇ, ಅಮ್ಮ ಕಳಿಸಿದ ಜ್ಯೇಷ್ಠಮಧುವಿನ ಪುಡಿಯನ್ನು ದಿನಕ್ಕೆ ಮೂರು ಸಲ ಬಿಸಿನೀರಿಗೆ ಹಾಕಿಕೊಳ್ಳುತ್ತಿದ್ದೆ. ಮೂರು ವಾರಗಳಲ್ಲಿ ಪಾದಗಳು ಊದಿಕೊಂಡವು, ರಕ್ತದೊತ್ತಡ ಏರಿತು. ಚೀನೀ ವೈದ್ಯರು ಮೇಜಿನ ಮೇಲೆ ಕಾಗದ ಹಾಸಿ, ನನ್ನ ಕಷಾಯದ ಪೊಟ್ಟಣವನ್ನು ಬಿಡಿಸಿ, ಅಂಚು ಕಂದಾಗಿ ನಡುವೆ ಹಳದಿಯಾಗಿದ್ದ ಬಿಲ್ಲೆಗಳನ್ನು ಒಂದೊಂದಾಗಿ ಬದಿಗೆ ಸರಿಸಿದರು. ಒಂದನ್ನು ನಾಲಿಗೆಗೆ ತಾಗಿಸಿದಾಗ ಅದೇ ಸಿಹಿ! ಅವರು ಗಾನ್‌ತ್ಸಾವ್ ಎನ್ನುವುದು ನಮ್ಮ ಜ್ಯೇಷ್ಠಮಧುವಿನ ಕುಲದ್ದೇ ಬೇರು. ಬಹಳಷ್ಟು ಚೀನೀ ಯೋಗಗಳಲ್ಲಿ ಅದು ಇದ್ದೇ ಇರುತ್ತದೆ, ಹೆಚ್ಚಾದರೆ ದೇಹದ ಪೊಟ್ಯಾಸಿಯಮ್ ಇಳಿಯುತ್ತದೆ. ಹೆಸರು ಬೇರೆಯಾದ್ದರಿಂದ ಒಂದನ್ನೇ ಎರಡೆಂದು ತಿಳಿದಿದ್ದೆ.

ಆದ್ದರಿಂದ ಅತ್ತೆಯವರ ಮಾತ್ರೆಗಳು, ಲೇಹ್ಯ, ಚೂರ್ಣ ಎಲ್ಲವನ್ನೂ ಒಂದೇ ಚೀಲದಲ್ಲಿ ಒಯ್ದು, ವಾರ್ಫರಿನ್ ಬರೆದುಕೊಡುವ ವೈದ್ಯರಿಗೆ ಮೊದಲು ತೋರಿಸಿ. ಅವರು ಒಪ್ಪಿದರೆ ಮಾತ್ರ ಚೀನೀ ವೈದ್ಯರ ಬಳಿ ಹೋಗಿ. 2000ರ ಕಾಯ್ದೆಯಂತೆ ಇಲ್ಲಿ ಅವರ ನೋಂದಣಿ ಕಡ್ಡಾಯ, ಹೆಸರನ್ನು ಪಟ್ಟಿಯಲ್ಲಿ ನೋಡಿಕೊಳ್ಳಬಹುದು. ಯೋಗದಲ್ಲಿರುವ ಪ್ರತಿಯೊಂದು ಮೂಲಿಕೆಯ ಹೆಸರನ್ನೂ ಬರೆಸಿಕೊಂಡು, ಏನೇ ಹೊಸದನ್ನು ಆರಂಭಿಸಿದರೂ ನಿಲ್ಲಿಸಿದರೂ ಐಎನ್‌ಆರ್ ಪರೀಕ್ಷೆ ಯಾವಾಗ ಮಾಡಿಸಬೇಕೆಂದು ಕೇಳಿ.

ಅಜ್ಜಿಗೆ ಬೇಸರವಾಗದಂತೆ, ಆ ಬೇರು ಹಾಕದೆ ಸೂಪು ಮಾಡಿಕೊಡಲು ಹೇಳಬಹುದು. ಸೂಪಿನ ಬದಲು ಮಂಡಿಗೆ ಇಲ್ಲಿನ ಘಾಟು ನೋವಿನೆಣ್ಣೆಯನ್ನು ಉಜ್ಜುವ ಮುನ್ನವೂ ಶೀಸೆಯನ್ನು ತಿರುಗಿಸಿ ನೋಡಿ: ಅದರಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಇದ್ದರೆ ಚರ್ಮದ ಮೂಲಕವೇ ಒಳಸೇರಿ ವಾರ್ಫರಿನ್ನಿನ ಪರಿಣಾಮವನ್ನು ಹೆಚ್ಚಿಸಬಲ್ಲದು.